ಪೋಷಣೆಯೂ ಶುಶ್ರೂಷೆಯೂ: ವೃದ್ಧರ ಮನೆಯಾರೈಕೆಗೆ ಸರ್ಕಾರದ ನೆರವು

ವೃದ್ಧರ ಸೇವೆಯ ಪ್ರಸ್ತಾಪ ಬಂದಾಗ ಪೋಷಣೆ, ಶುಶ್ರೂಷೆ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ವಾಡಿಕೆ. ಇವುಗಳ ಮೂಲವನ್ನು ವಿಚಾರಿಸಿದರೆ ಅಂತರವು ತಿಳಿಯುತ್ತದೆ. ಪೋಷಣೆಯು ‘ಪುಷ್’ ಧಾತುವಿನಿಂದ ಬಂದದ್ದು; ಅನ್ನ, ವಸ್ತ್ರ, ಆಶ್ರಯಗಳನ್ನಿತ್ತು ಸಲಹುವುದೆಂದು ಅದರ ಅರ್ಥ. ಶುಶ್ರೂಷೆಯು ‘ಶ್ರು’ ಧಾತುವಿನಿಂದ ಹುಟ್ಟಿದ್ದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಹಿರಿಯರ ಮಾತಿಗೆ ಕಿವಿಗೊಟ್ಟು ಬಳಿಯಲ್ಲಿರುವುದೇ ಕ್ರಮೇಣ ಸೇವೆಯೆಂಬ ಅರ್ಥವನ್ನು ತಳೆಯಿತು. ಪೋಷಣೆಯನ್ನು ದೂರದಿಂದಲೂ ಮಾಡಬಹುದು; ಶುಶ್ರೂಷೆಗೆ ಹತ್ತಿರವಿರಲೇಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಅಂತರವು ಎದ್ದು ಕಾಣುತ್ತದೆ. ಅಡಕೆ ತೋಟದ ಅಂಚಿನ ಒಂಟಿಮನೆಗಳಲ್ಲಿ ವೃದ್ಧರು ಉಳಿದಿದ್ದಾರೆ. ವಿದ್ಯಾವಂತರಾದ ಮಕ್ಕಳು ಬೆಂಗಳೂರು ಸೇರಿದ್ದಾರೆ. ಅವರು ಕಳುಹಿಸುವ ಹಣ ಪೋಷಣೆಯಾದೀತು. ಮಳೆಗಾಲದ ರಾತ್ರಿಯಲ್ಲಿ ಹಾಸಿಗೆ ಹಿಡಿದವರನ್ನು ಮಗ್ಗುಲು ಹೊರಳಿಸಿ, ಗಂಜಿ ಕುಡಿಸಿ, ಮಲಿನವಾದ ಬಟ್ಟೆಯನ್ನು ಒಗೆಯುವ ಕೈ ಬೇರೆಯದು. ಬಹುಮಟ್ಟಿಗೆ ಅದು ಮನೆಯ ಸೊಸೆಯ ಕೈ, ಇಲ್ಲವೆ ತಾನೇ ವಯಸ್ಸಾದ ಹೆಂಡತಿಯ ಕೈ.

ಸರ್ಕಾರದ ಕಾನೂನುಗಳು ಪೋಷಣೆಯನ್ನು ಚೆನ್ನಾಗಿ ಬಲ್ಲವು. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದಂತೆ, ಅಲಕ್ಷ್ಯಕ್ಕೊಳಗಾದ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ತಿಂಗಳಿಗೆ ಗರಿಷ್ಠ 10,000 ರೂಪಾಯಿಗಳ ಜೀವನಾಂಶವನ್ನು ಪಡೆಯಬಹುದು. ಸಾಗರ, ಹೊಸನಗರದವರು ಸಾಗರದ ಉಪವಿಭಾಗಾಧಿಕಾರಿಗಳನ್ನೂ, ತೀರ್ಥಹಳ್ಳಿಯವರು ಶಿವಮೊಗ್ಗದವರನ್ನೂ ಕಾಣತಕ್ಕದ್ದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಪಡೆದವರು ಮಾತಿಗೆ ತಪ್ಪಿದರೆ ಆ ಹಸ್ತಾಂತರವನ್ನು ರದ್ದುಪಡಿಸಲೂ ಅವಕಾಶವಿದೆ. 2007ರಲ್ಲಿಯೇ ರಾಜ್ಯವು ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು; 65 ತುಂಬಿದ ಅರ್ಹ ಬಡ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ ದೊರೆಯುತ್ತದೆ.

ಇವೆಲ್ಲವೂ ಅವಶ್ಯಕವೇ. ಆದರೆ ಕಾನೂನು ಮಕ್ಕಳನ್ನು ಬಾಧ್ಯರನ್ನಾಗಿಸುತ್ತದೆ, ವೇತನ ವೃದ್ಧರನ್ನು ಸೇರುತ್ತದೆ. ನಡುವೆ ಇರುಳುಹಗಲು ದುಡಿಯುವ ಜೀವಕ್ಕೆ ಎರಡರಲ್ಲಿಯೂ ಸ್ಥಾನವಿಲ್ಲ. ಆ ಅಧಿನಿಯಮದ ‘ಮಕ್ಕಳು’ ಎಂಬ ಪದದಲ್ಲಿ ಮಗ, ಮಗಳು, ಮೊಮ್ಮಕ್ಕಳು ಮಾತ್ರ ಇದ್ದಾರೆ. 2019ರ ತಿದ್ದುಪಡಿ ಮಸೂದೆಯು ಸೊಸೆ, ಅಳಿಯಂದಿರನ್ನು ಸೇರಿಸಹೊರಟಿತ್ತು, ಅದು ಕಾನೂನಾಗಲಿಲ್ಲ. ಆಗಿದ್ದರೂ ಸೊಸೆಗೆ ಹೊಣೆ ಹೆಚ್ಚುತ್ತಿತ್ತೇ ಹೊರತು ನೆರವು ದೊರೆಯುತ್ತಿರಲಿಲ್ಲ.

ಶುಶ್ರೂಷೆಯನ್ನು ಗುರುತಿಸಿದ ಉದಾಹರಣೆಗಳು ಇಲ್ಲದಿಲ್ಲ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೇರಳವು ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿಗಳನ್ನು ಗೊತ್ತುಮಾಡಿತು. ಕರ್ನಾಟಕವು 2024-25ರ ಆಯವ್ಯಯದಲ್ಲಿ ಪಾರ್ಕಿನ್ಸನ್ ಮೊದಲಾದ ಕೆಲವು ವ್ಯಾಧಿಗಳಿಂದ ಬಳಲುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿಗಳನ್ನು ಘೋಷಿಸಿತು. ಜರ್ಮನಿಯಲ್ಲಿ 1995ರಿಂದ ಜಾರಿಯಲ್ಲಿರುವ ಆರೈಕೆ ವಿಮೆಯು ಮನೆಯಾರೈಕೆಗೆ ಹಣ ಕೊಡುವುದಲ್ಲದೆ, ಆರೈಕೆ ಮಾಡುವವರ ಮುಂದಿನ ನಿವೃತ್ತಿವೇತನಕ್ಕೂ ವಂತಿಗೆ ಕಟ್ಟುತ್ತದೆ. ಅವರು ವಿಶ್ರಾಂತಿ ಪಡೆಯುವಾಗ ಬದಲಿ ವ್ಯವಸ್ಥೆಯ ವೆಚ್ಚಕ್ಕೂ ನೆರವಾಗುತ್ತದೆ. ಹಣ, ಭವಿಷ್ಯದ ಭದ್ರತೆ, ವಿಶ್ರಾಂತಿ: ನೀತಿಯೊಂದು ಪೂರ್ಣವಾಗಲು ಈ ಮೂರೂ ಬೇಕು. ಕರ್ನಾಟಕದ ಹೆಜ್ಜೆ ಮೊದಲನೆಯದನ್ನು ಮುಟ್ಟಿದೆ. ಅದೂ ಕೆಲವೇ ವ್ಯಾಧಿಗಳಿಗೆ. ಪಾರ್ಶ್ವವಾಯುವಿನಿಂದ ಮಲಗಿದವರನ್ನೂ ಮರೆವಿನ ರೋಗಕ್ಕೆ ತುತ್ತಾದವರನ್ನೂ ನೋಡಿಕೊಳ್ಳುವವರಿಗೆ ಅದು ವಿಸ್ತರಿಸಬೇಕಾಗಿದೆ.

ಇರುವ ವ್ಯವಸ್ಥೆಯ ಉಪಯೋಗವೂ ಆಗಬೇಕು. 2010-11ರಲ್ಲಿ ಆರಂಭವಾದ ವೃದ್ಧರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲಿ, ಉಪಕೇಂದ್ರದ ಸಿಬ್ಬಂದಿಯು ಹಾಸಿಗೆ ಹಿಡಿದವರ ಮನೆಗೆ ಭೇಟಿಯಿತ್ತು, ಮನೆಯವರಿಗೆ ಆರೈಕೆಯ ಕ್ರಮವನ್ನು ಕಲಿಸಬೇಕೆಂಬ ಅಂಶವಿದೆ. ಬೆನ್ನುಹುಣ್ಣಾಗದಂತೆ ಮಲಗಿಸುವ ಬಗೆ, ತನ್ನ ಸೊಂಟಕ್ಕೆ ಪೆಟ್ಟಾಗದಂತೆ ಎತ್ತುವ ಬಗೆ ಕಲಿಯದೆ ಬರುವಂಥವಲ್ಲ. ಗ್ರಾಮಸ್ಥರು ಇದನ್ನು ಕೇಳಿ ಪಡೆಯಬೇಕು.

ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಗಿಟ್ಟರು. ವೃದ್ಧರ ಶುಶ್ರೂಷೆಯು ಕಾಯಕವೆಂಬುದರಲ್ಲಿ ಸಂದೇಹವಿಲ್ಲ. ಆ ಕಾಯಕದ ಭಾರವನ್ನು ಒಬ್ಬಳೇ ಹೊರುವಂತೆ ಬಿಟ್ಟು ‘ಪುಣ್ಯವಂತೆ’ ಎಂದು ಹೊಗಳಿ ಸುಮ್ಮನಾಗುವುದು ದಾಸೋಹವೆನಿಸದು. ಶಿಕ್ಷಕರು ಅರ್ಜಿ ಬರೆದುಕೊಡಬಹುದು. ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಮಧ್ಯಾಹ್ನ ವೃದ್ಧರ ಬಳಿ ಕುಳಿತು ಮನೆಯವರಿಗೆ ಬಿಡುವು ಕೊಡಬಹುದು. ದಾನಿಗಳು ಊರಿಗೊಂದು ಗಾಲಿಕುರ್ಚಿಯನ್ನೂ ಗಾಳಿಹಾಸಿಗೆಯನ್ನೂ ಒದಗಿಸಬಹುದು. ಸರ್ಕಾರದ ನೀತಿ ಪೂರ್ಣವಾಗುವವರೆಗೆ ಸಮಾಜವು ಇಷ್ಟನ್ನಾದರೂ ನಡೆಸಿದರೆ, ಶುಶ್ರೂಷೆಯ ಮೂಲಾರ್ಥದಂತೆ, ಆರೈಕೆ ಮಾಡುವವರ ಮಾತನ್ನೂ ಒಬ್ಬರು ಕೇಳಿದಂತಾಗುತ್ತದೆ.