ಹಿಮದ ಮೇಲೆ ದಾಕ್ಷಿಣ್ಯ ಸಲ್ಲದು

ಸ್ಕೀಯಿಂಗ್‌ಗೆಂದು ಗುಲ್ಮಾರ್ಗ್‌ಗೆ ಹೊರಟಿದ್ದೇನೆ ಎಂದರೆ ಬೆಂಗಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಚಳಿಯ ಬಗ್ಗೆ. ಹೋಗಿ ಬಂದವರ ನೆನಪಿನಲ್ಲಿ ಉಳಿದಿರುವುದು ಬಾಡಿಗೆ ಬೂಟು, ಬಾಡಿಗೆ ಕೋಟು, ಸ್ಲೆಜ್ ಎಳೆಯುವವರ ಜೊತೆಗಿನ ಚೌಕಾಸಿ, ಸಮತಟ್ಟಿನ ಹಿಮದಲ್ಲಿ ಬಿದ್ದೆದ್ದು ತೆಗೆಸಿಕೊಂಡ ಫೋಟೊ. ಅದೇ ಊರಿನ ನೆತ್ತಿಯ ಮೇಲಿನ ಅಫರ್ವಾಟ್ ಬೆಟ್ಟಕ್ಕೆ ಪ್ರತಿ ಚಳಿಗಾಲದಲ್ಲೂ ದೇಶವಿದೇಶದ ಪಳಗಿದ ಸ್ಕೀಯರ್‌ಗಳು ಹುಡುಕಿಕೊಂಡು ಬರುತ್ತಾರೆ ಎಂಬುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ.

ಅವರನ್ನು ಕರೆತರುವುದು ಗೊಂಡೋಲಾ ಎಂಬ ಕೇಬಲ್ ಕಾರು. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್ಡೂರಿವರೆಗೆ ಒಯ್ಯುತ್ತದೆ. 2005ರಲ್ಲಿ ಬಂದ ಎರಡನೆಯ ಹಂತ ಸುಮಾರು 3,980 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿಂದ ಊರಿಗೆ ಸುಮಾರು 1,300 ಮೀಟರ್ ಇಳುಕಲು. ನಾನು ಸ್ಕೀಯಿಂಗ್ ಕಲಿತದ್ದು ಕೆಲಸದ ಮೇಲೆ ಆಸ್ಟ್ರಿಯಾದಲ್ಲಿದ್ದಾಗ, ಇನ್ಸ್‌ಬ್ರುಕ್ ಸುತ್ತಮುತ್ತ. ಅಲ್ಲಿ ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮವನ್ನು ಹದ ಮಾಡಿರುತ್ತಾರೆ, ಯಾವ ದಾರಿ ಎಷ್ಟು ಕಷ್ಟ ಎಂದು ಬಣ್ಣ ಹಚ್ಚಿ ತೋರಿಸಿರುತ್ತಾರೆ. ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಆ ಉಪಚಾರವಿಲ್ಲ. ಎರಡನೆಯ ಹಂತದ ಕೆಳಗಿರುವ ದೊಡ್ಡ ಬೋಗುಣಿಯಂಥ ಇಳಿಜಾರನ್ನು ಮಾತ್ರ ಸ್ಕೀ ಗಸ್ತುಪಡೆಯವರು ಸಿಡಿಮದ್ದು ಹಾಕಿ, ಸಡಿಲ ಹಿಮ ಕೆಡವಿ, ನೋಡಿಕೊಂಡು, ಜನರಿಗೆ ಬಿಡುತ್ತಾರೆ. ಅದರ ಗಡಿ ದಾಟಿದರೆ ಎಡಕ್ಕೂ ಬಲಕ್ಕೂ ಬರೀ ಕಾಡುಬೆಟ್ಟ. ಅಲ್ಲಿ ನಮ್ಮ ಹೊಣೆ ನಮ್ಮದೇ.

ಅಂಥ ಬೆಟ್ಟದಲ್ಲಿ ಗೆಳೆಯರೊಂದಿಗೆ ಕಳೆದ ಫೆಬ್ರವರಿಯ ಒಂದು ದಿನ ನನಗೆ ಕಲಿಸಿದ್ದನ್ನು ಬರೆಯಬೇಕೆನಿಸಿದೆ. ನಾವು ನಾಲ್ವರು: ನಾನು, ಹುಬ್ಬಳ್ಳಿ ಕಡೆಯ ಡಾಕ್ಟರ್ ಗೆಳತಿ, ಮಂಗಳೂರಿನ ಗೆಳೆಯ, ಅವನ ಸಹೋದ್ಯೋಗಿ. ಜೊತೆಗೆ ಅಲ್ಲೇ ಹುಟ್ಟಿ ಬೆಳೆದ ಗೈಡ್. ಸ್ಕೀ ಮೇಲೆ ಯಾರೂ ಹೊಸಬರಲ್ಲ. ತೊಡಕು ಹುಟ್ಟುವುದೇ ಅಲ್ಲಿ. ಹೊಸಬರಿಗೆ ಹೆದರಿಕೆಯೇ ಕಾವಲು. ಕಾಲಿಗೆ ಧೈರ್ಯ ಬಂದವರಿಗೆ ಆ ಕಾವಲು ಇರುವುದಿಲ್ಲ.

ಬೆಳಿಗ್ಗೆ ತಿಂಡಿಗೆ ಮುಂಚೆ ಹಿಮಕುಸಿತದ ಮುನ್ಸೂಚನೆ ನೋಡಿದೆವು. ಅದು 1ರಿಂದ 5ರವರೆಗಿನ ಅಳತೆ, ಅವತ್ತು 3. ನನ್ನ ಅನುಭವದಲ್ಲಿ ಮನಸ್ಸನ್ನು ಹೆಚ್ಚು ಕೆಡಿಸುವ ಅಂಕಿ ಇದೇ. 5 ಎಂದಿದ್ದರೆ ಎಲ್ಲರೂ ಕಾಹ್ವಾ ಕುಡಿಯುತ್ತ ಹೋಟೆಲಿನಲ್ಲೇ ಕೂರುತ್ತಾರೆ. 3 ಎಂದ ಕೂಡಲೇ 'ಅಷ್ಟೇನಿಲ್ಲ, ನೋಡಿಕೊಂಡು ಹೋದರಾಯ್ತು' ಎಂಬ ಲೆಕ್ಕಾಚಾರ ಶುರುವಾಗುತ್ತದೆ.

ಹೊರಡುವ ಮುನ್ನ ಗೈಡ್ ಹೋಟೆಲಿನ ಅಂಗಳದಲ್ಲಿ ನಿಂತ. ನಾವು ಒಬ್ಬೊಬ್ಬರಾಗಿ, ನಡುವೆ ಅಂತರ ಬಿಟ್ಟು, ಅವನ ಮುಂದೆ ಹಾದೆವು. ನಮ್ಮ ಜಾಕೆಟ್ಟಿನೊಳಗೆ ಎದೆಗೆ ಕಟ್ಟಿಕೊಂಡ ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಬಿಡುತ್ತಿರುತ್ತದೆ. ಅವನ ಕೈಯಲ್ಲಿದ್ದದ್ದು ಅದನ್ನು ಹಿಡಿದು ಪೀಂಗುಟ್ಟಬೇಕು. ಪ್ರತಿಯೊಬ್ಬರಿಗೂ ಪೀಂಗುಟ್ಟಿದ ಮೇಲೆಯೇ ಅವನು ಕೈಬೀಸಿದ್ದು. ಬೆನ್ನಚೀಲದಲ್ಲಿ ಮಡಿಸುವ ಗುದ್ದಲಿ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸರಳು ಇದ್ದೇ ಇರಬೇಕು. ಹಿಮದಡಿ ಪೂರ್ತಿ ಹೂತುಹೋದವರನ್ನು ಮೊದಲ ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಅದು ಕಡಿದಾಗಿ ಕುಸಿಯುತ್ತದೆ. ಅಷ್ಟರೊಳಗೆ ಕೆಳಗಿನಿಂದ ಯಾರೂ ಬಂದು ತಲುಪಲಾರರು. ಅಗೆದು ತೆಗೆಯಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಅದಕ್ಕೇ ನಾವು ಬೆಂಗಳೂರಿನಲ್ಲೂ ಅಪಾರ್ಟ್‌ಮೆಂಟ್ ಪಕ್ಕದ ಪಾರ್ಕಿನಲ್ಲಿ ತರಗೆಲೆಯಡಿ ಬೀಕನ್ ಬಚ್ಚಿಟ್ಟು ಹುಡುಕುವ ಅಭ್ಯಾಸ ಮಾಡುತ್ತೇವೆ. ವಾಚ್‌ಮನ್ ಒಮ್ಮೆ ಬಂದು, "ಏನ್ ಸಾರ್, ಕಾರ್ ಕೀ ಕಳ್ಕೊಂಡ್ರಾ?" ಎಂದು ತಾನೂ ಎಲೆ ಸರಿಸತೊಡಗಿದ್ದ.

ಕೊಂಗ್ಡೂರಿಯಲ್ಲಿ ಉದ್ದದ ಸಾಲು. ರಾತ್ರಿ ಹಿಮ ಸುರಿದಿದ್ದರಿಂದ ಗಸ್ತುಪಡೆಯವರ ಕೆಲಸ ಇನ್ನೂ ಮುಗಿದಿರಲಿಲ್ಲ. ಮೇಲೆಲ್ಲೋ ದಡ್ ಎಂದು ಸಿಡಿಮದ್ದಿನ ಸದ್ದಾದಾಗಲೆಲ್ಲ ಸಾಲಿನಲ್ಲಿ ಗುಜುಗುಜು. ಎಲ್ಲರಿಗೂ ಒಂದೇ ತಹತಹ: ಮುಂದೆ ಹೋದವರು ಹೊಸ ಹಿಮವನ್ನೆಲ್ಲ ತುಳಿದುಬಿಟ್ಟರೆ? ಆ ಅವಸರವನ್ನು ಕೆಳಗೇ ಬಿಟ್ಟು ಹತ್ತುವುದು ಅಭ್ಯಾಸದಿಂದ ಬರಬೇಕಾದ ವಿದ್ಯೆ.

ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರ ಆಸುಪಾಸು. ಬಗ್ಗಿ ಬೂಟಿನ ಕೊಂಡಿ ಬಿಗಿಯುವಷ್ಟರಲ್ಲಿ ಏದುಸಿರು. ಆಕಾಶ ತಿಳಿಯಾಗಿತ್ತು, ಉತ್ತರದಲ್ಲಿ ನಂಗಾ ಪರ್ಬತ್ ನಿಚ್ಚಳವಾಗಿ ಕಾಣುತ್ತಿತ್ತು. ಬೆಟ್ಟದ ಏಣಿನ ಮೇಲೆ ಸ್ವಲ್ಪ ದೂರ ಸಾಗಿ, ಗಸ್ತಿನ ಗಡಿಯಾಚೆಯ ಇಳಿಜಾರೊಂದರ ನೆತ್ತಿಗೆ ಬಂದೆವು.

"ಮಾರಾಯ, ಒಂದು ಗೀಟೂ ಬಿದ್ದಿಲ್ಲ ನೋಡು!" ಎಂದ ಮಂಗಳೂರಿನವನು. ನಿಜ, ಯಾರೂ ಇಳಿದಿರಲಿಲ್ಲ. ನನ್ನ ಕಾಲೂ ತುರಿಸುತ್ತಿತ್ತು. ಗೈಡ್ ತನ್ನ ಊರುಗೋಲನ್ನು, ಅಂದರೆ ಪೋಲನ್ನು, ತಿರುಗಿಸಿ, ಹಿಡಿಯ ಕಡೆಯಿಂದ ಹಿಮಕ್ಕೆ ಒತ್ತಿದ. ಮೇಲೆ ಗಟ್ಟಿ, ಒತ್ತಿ ಒತ್ತಿ ಒಂದು ಮೊಳ ಇಳಿದದ್ದು ಆಮೇಲೆ ತಡೆಯೇ ಇಲ್ಲದಂತೆ ಸರಕ್ಕನೆ ಒಳಹೋಯಿತು. ರಾತ್ರಿಯ ಗಾಳಿ ಏಣಿನ ಆಚೆಯಿಂದ ಹಿಮ ಹೊತ್ತು ತಂದು ಈಚೆಯ ಮೆದು ಪದರದ ಮೇಲೆ ಹಾಸಿತ್ತು. ಭಾರ ಬಿದ್ದರೆ ಆ ಹಾಸು ಜಾರಬಹುದು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀಗೆ ಸೊಗಸು ಕೊಡುವುದೂ ಅದೇ ಇಳಿಜಾರು. ಹಿಮಕುಸಿತದಲ್ಲಿ ಸಿಕ್ಕಿಕೊಂಡ ಸ್ಕೀಯರ್‌ಗಳಲ್ಲಿ ಬಹುಪಾಲು ಮಂದಿಯ ವಿಷಯದಲ್ಲಿ ಹಿಮ ಜಾರಿದ್ದು ಅವರದೇ ಅಥವಾ ಅವರ ಜೊತೆಗಾರರದೇ ಭಾರಕ್ಕೆ.

"ಇಷ್ಟು ದೂರ ಬಂದದ್ದಲ್ವಾ, ಒಬ್ಬೊಬ್ಬರೇ ಇಳಿದರಾಯ್ತು," ಎಂದ ಮಂಗಳೂರಿನವನು.

"ನನಗ ಬ್ಯಾಡಪಾ," ಎಂದಳು ಡಾಕ್ಟರ್. ಅಷ್ಟೇ.

ನಮ್ಮ ನಾಲ್ವರಲ್ಲಿ ಒಂದು ಕರಾರಿದೆ: ಯಾರಾದರೂ ಒಬ್ಬರು ಬೇಡ ಎಂದರೆ ಎಲ್ಲರಿಗೂ ಬೇಡ, ಕಾರಣವನ್ನು ಬೆಟ್ಟದ ಮೇಲೆ ಕೇಳುವಂತಿಲ್ಲ, ಸಂಜೆ ಕೇಳಬೇಕು. ಹೊರಡುವ ಮುಂಚೆಯೇ ಇದನ್ನು ಮಾಡಿಕೊಳ್ಳಲು ಕಾರಣವಿದೆ. ಅಪರಿಚಿತರ ಗುಂಪಿನಲ್ಲಿ ಬೇಡ ಎನ್ನುವುದು ಸುಲಭ. ರಜೆ ಹೊಂದಿಸಿಕೊಂಡು, ದುಡ್ಡು ಸುರಿದು, ತಿಂಗಳುಗಟ್ಟಲೆ ಒಟ್ಟಿಗೆ ಕನಸು ಕಂಡ ಗೆಳೆಯರ ನಡುವೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಮದುವೆಮನೆ ಪಂಕ್ತಿಯಲ್ಲಿ ಬಡಿಸುವವರ ಮುಖ ನೋಡಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವವರು ನಾವು. ಎಲೆಯ ಮುಂದೆ ಆ ದಾಕ್ಷಿಣ್ಯ ನಡೆದೀತು. 4,000 ಮೀಟರ್ ಎತ್ತರದಲ್ಲಿ ಅದರ ಬೆಲೆಯೇ ಬೇರೆ. ಯಾರೂ ಮರುಮಾತಾಡದೆ ಹಿಂದಿರುಗಿ, ಗಸ್ತುಪಡೆಯವರು ಬಿಟ್ಟಿದ್ದ ಇಳಿಜಾರಿನತ್ತ ಬಂದೆವು.

ಅಲ್ಲೂ ಮೊಣಕಾಲುದ್ದ ಹೊಸ ಹಿಮ ಉಳಿದಿತ್ತು. ಒಬ್ಬರು ಇಳಿದು, ಮೇಲಿನ ಹಿಮ ಜಾರಿದರೂ ತಾಗದ ದಿಬ್ಬದ ಮರೆಯಲ್ಲಿ ನಿಂತು, ಪೋಲ್ ಎತ್ತಿದ ಮೇಲೆಯೇ ಇನ್ನೊಬ್ಬರು. ಪುಡಿಹಿಮದಲ್ಲಿ ಆಸ್ಟ್ರಿಯಾದ ಹದಮಾಡಿದ ದಾರಿಯ ಚಾಳಿ ನಡೆಯುವುದಿಲ್ಲ. ಒಂದೇ ಕಾಲಿನ ಮೇಲೆ ಭಾರ ಹಾಕಿದರೆ ಆ ಸ್ಕೀ ಮುಳುಗುತ್ತದೆ. ಹೆದರಿ ಹಿಂದಕ್ಕೆ ವಾಲಿದರೆ ತೊಡೆ ಉರಿಯತೊಡಗುತ್ತದೆ. ಎರಡೂ ಪಾದದ ಮೇಲೆ ಸಮನಾಗಿ ನಿಂತು, ವೇಗ ಕೂಡಿಕೊಳ್ಳಲು ಬಿಟ್ಟರೆ ಅಗಲ ಸ್ಕೀಗಳು ತಾವಾಗಿ ಮೇಲೇಳುತ್ತವೆ. ಒಂದೊಂದು ತಿರುವಿಗೂ ಹಿಮ ಎದೆಯವರೆಗೆ ಚಿಮ್ಮಿ ಮುಖಕ್ಕೆ ರಾಚುತ್ತಿತ್ತು. ಕೆಳಗೆ ನಿಂತಾಗ ಮಂಗಳೂರಿನವನ ಮೀಸೆಯೆಲ್ಲ ಬೆಳ್ಳಗಾಗಿ, ನಗು ಕಿವಿವರೆಗಿತ್ತು.

ಮಧ್ಯಾಹ್ನ ಕಾಡಿನೊಳಗಿಂದ ಬಾಬಾ ರೇಶಿ ದರ್ಗಾದ ಕಡೆ ಇಳಿದೆವು. ಮರಗಳ ನಡುವೆ ಹೋಗುವ ಮೊದಲು ಗೈಡ್ ಎಲ್ಲರ ಕೈ ನೋಡಿದ: ಪೋಲಿನ ಪಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡಿರಬಾರದು. ಪೋಲು ಕೊಂಬೆಗೆ ಸಿಕ್ಕಿದರೆ ಹೋಗಲಿ ಬಿಡಬಹುದು, ಪಟ್ಟಿಯಿದ್ದರೆ ಭುಜವೇ ಕಿತ್ತುಬರುತ್ತದೆ. ಕಣ್ಣು ಮರದ ಮೇಲಿರಕೂಡದು, ಮರಗಳ ನಡುವಿನ ಸಂದಿನ ಮೇಲಿರಬೇಕು. ನೋಡಿದ ಕಡೆಗೇ ಸ್ಕೀ ಹೋಗುತ್ತದೆ. ದೊಡ್ಡ ಫರ್ ಮರಗಳ ಬುಡದಲ್ಲಿ ಕೊಂಬೆಯ ಮರೆಗೆ ಹಿಮ ಸಡಿಲವಾಗಿ, ಗುಂಡಿ ಬಿದ್ದಿರುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದವರು ತಾವಾಗಿ ಎದ್ದು ಬರುವುದು ಕಷ್ಟ. ಹಾಗಾಗಿ ಇಬ್ಬಿಬ್ಬರ ಜೋಡಿ, ಕೂಗಿದರೆ ಓಗೊಡುವಷ್ಟು ಹತ್ತಿರ.

ವಾಪಸು ಬರುವಾಗ ಸುಮೋದ ಡ್ರೈವರ್, ಸ್ಕೀ ಪಟು ಆರಿಫ್ ಖಾನರ ಮಾತು ತೆಗೆದ. ಟಂಗ್‌ಮಾರ್ಗ್ ಕಡೆಯವರಾದ ಅವರು 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ. ಅವರ ಸ್ಲಾಲಂ ಪರಿಣತಿಯನ್ನು ಗಡಿಯಾರ ಅಳೆಯುತ್ತದೆ. ನಮ್ಮಂಥವರ ಬೆಟ್ಟದ ಪರಿಣತಿಗೆ ಅಂಥ ಅಳತೆಗೋಲಿಲ್ಲ.

ಸಂಜೆ ಕರಾರಿನಂತೆ ಡಾಕ್ಟರನ್ನು ಕಾರಣ ಕೇಳಿದೆವು. "ಪೋಲ್ ಸರಕ್ಕಂತ ಇಳೀತಲ್ಲ, ಗೈಡ್ ಸುಮ್ಮನಾದ. ಅದು ಸಾಕಾತು," ಎಂದಳು. ಅಂದು ಆ ಇಳಿಜಾರು ಕುಸಿಯಲಿಲ್ಲ. ನಾವು ಇಳಿದಿದ್ದರೆ ಕುಸಿಯುತ್ತಿತ್ತೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಸರಿಯಾಗಿ ತೆಗೆದುಕೊಂಡ ತೀರ್ಮಾನಕ್ಕೆ ಬೆಟ್ಟ ಪುರಾವೆ ಕೊಡುವುದಿಲ್ಲ. ತಪ್ಪು ತೀರ್ಮಾನ ಮಾಡಿಯೂ ಕ್ಷೇಮವಾಗಿ ಇಳಿದವರಿಗೆ ಮಾತ್ರ ತಾವು ಜಾಣರೆಂಬ ಭ್ರಮೆ ಕೊಡುತ್ತದೆ. 'ಹೋದ ವರ್ಷ ಇಳಿದಿದ್ವಲ್ಲ, ಏನೂ ಆಗಿರಲಿಲ್ಲ' ಎಂಬುದನ್ನು ನಾನು ಅನುಭವ ಎಂದು ಎಣಿಸುವುದಿಲ್ಲ.

ಗುಲ್ಮಾರ್ಗ್‌ನ ಮೇಲ್ಭಾಗಕ್ಕೆ ಹೋಗಬೇಕೆಂದಿರುವವರು ಸಲಕರಣೆಗೆ ಮಾಡುವಷ್ಟೇ ಖರ್ಚನ್ನು ಹಿಮಕುಸಿತದ ತರಬೇತಿಗೂ ಒಳ್ಳೆಯ ಸ್ಥಳೀಯ ಗೈಡ್‌ಗೂ ಮಾಡಲಿ. ಜೊತೆಗೆ ಯಾರು ಬರುತ್ತಾರೆಂದು ತೀರ್ಮಾನಿಸುವಾಗ ಅವರು ಎಷ್ಟು ಚೆನ್ನಾಗಿ ಇಳಿಯುತ್ತಾರೆ ಎಂದು ನೋಡಿದರೆ ಸಾಲದು. ಟಿಕೆಟ್ ತೆಗೆಸುವ ಮುನ್ನವೇ ಕೇಳಿಕೊಳ್ಳಬೇಕಾದ್ದು ಎರಡು: ಇವರು ನನಗೆ ಬೇಡ ಎನ್ನಬಲ್ಲರೇ? ನಾನು ಬೇಡ ಎಂದರೆ ಮುಖ ಊದಿಸಿಕೊಳ್ಳದೆ ಹಿಂದಿರುಗಬಲ್ಲರೇ?