ಫರ್ಸಿ ಕಲ್ಲಿನಿಂದ ಇಂಗಾಲದ ಚಕ್ರಕ್ಕೆ: ದಂಡೋತಿಯಲ್ಲಿ ನಾನು ಮಾಡಿದ ಒಂದು ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು
ಪಾಠಾಂಶ: ಸುಣ್ಣದ ಕಲ್ಲಿನ ವಿಭಜನೆ ಮತ್ತು ಇಂಗಾಲದ ಚಕ್ರ
ಉಪಕರಣಗಳು: ಫರ್ಸಿ ಕಲ್ಲಿನ ಚೂರುಗಳು, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಸುಣ್ಣದ ತಿಳಿನೀರು, ಪ್ರನಾಳಗಳು, ನಳಿಕೆ

ಹಿನ್ನೆಲೆ

ಬೋಧನಾಭ್ಯಾಸಕ್ಕೆಂದು ದಂಡೋತಿಗೆ ಬಂದ ಎರಡನೇ ವಾರ ನಾನು ತರಗತಿಯಲ್ಲಿ ಮುಗ್ಗರಿಸಿದೆ. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ ನದಿ ಉಕ್ಕಿದ್ದನ್ನು ನೆನಪಿಸಿ, “ಇದೇ ಹವಾಮಾನ ಬದಲಾವಣೆ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

“ಸರ್, ನಮ್ಮ ಮುತ್ಯಾನ ಕಾಲದಾಗೂ ಹೊಳಿ ತುಂಬಿ ಬರ್ತಿತ್ತಂತ್ರಿ. ಭೂಮಿ ಒಮ್ಮೆ ಕಾಯ್ತದ, ಒಮ್ಮೆ ಆರ್ತದ ಅಂತ ನೀವೇ ಹೇಳೀರಿ. ಮತ್ತ ನಾವ್ಯಾಕ ಚಿಂತಿ ಮಾಡಬೇಕ್ರಿ?”

ತರಗತಿ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆಯದಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಕುಳಿತು ಯೋಚಿಸಿದಾಗ ಹುಡುಗನ ಮಾತಿನಲ್ಲಿ ಅರ್ಧ ನಿಜವಿದೆ ಅನ್ನಿಸಿತು. ಒಂದು ವರ್ಷದ ಪ್ರವಾಹ ಯಾವುದಕ್ಕೂ ಪೂರ್ಣ ಸಾಕ್ಷಿಯಲ್ಲ. ಭೂಮಿಗೆ ತನ್ನದೇ ಚಕ್ರಗಳಿರುವುದೂ ಹೌದು. ಉಳಿದರ್ಧವನ್ನು ಮುಂದಿನ ಪಾಠದಲ್ಲಿ ಹೇಳಬೇಕಿತ್ತು.

ಪೀಠಿಕೆ

“ನಿಮ್ಮ ಮನೆಯ ನೆಲಕ್ಕೆ ಏನು ಹಾಸಿದ್ದಾರೆ?” ಎಂದು ಕೇಳಿದೆ. “ಫರ್ಸಿ!” ಎಂದು ಎಲ್ಲರೂ ಕೂಗಿದರು. ಎಲ್ಲಿಂದ ಬಂತು? “ಖಣಿಯಿಂದ.” ಖಣಿಗೆ ಎಲ್ಲಿಂದ ಬಂತು? ಯಾರೂ ಮಾತಾಡಲಿಲ್ಲ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ನಾವು ಕುಳಿತಿರುವ ಈ ಜಾಗ ಆಳವಿಲ್ಲದ ಸಮುದ್ರವಾಗಿತ್ತು, ಅದರ ತಳದಲ್ಲಿ ಪದರ ಪದರವಾಗಿ ಕುಳಿತದ್ದೇ ಶಹಾಬಾದ್ ಕಲ್ಲು ಎಂದಾಗ ಕೆಲವರು ಬಗ್ಗಿ ನೆಲ ಮುಟ್ಟಿ ನೋಡಿದರು.

ವಿಕಸನ

ಕಲ್ಲಿನ ಚೂರಿಗೆ ಆಮ್ಲ ಹನಿಸಿದೆವು. ಬುರುಬುರು ಗುಳ್ಳೆ ಎದ್ದವು. ಆ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದಾಗ ನೀರು ಹಾಲಿನಂತಾಯಿತು. ಅನಿಲ ಕಾರ್ಬನ್ ಡೈಆಕ್ಸೈಡ್ ಎಂದು ಮಕ್ಕಳೇ ಹೇಳಿದರು. ಇಲ್ಲಿ ಆಮ್ಲ ಮಾಡಿದ ಕೆಲಸವನ್ನು ಸಿಮೆಂಟ್ ಕಾರ್ಖಾನೆಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಮಾಡುತ್ತದೆ ಎಂದು ವಿವರಿಸಿ, ಕಪ್ಪುಹಲಗೆಯ ಮೇಲೆ ಬರೆದೆ:

ಕ್ಯಾಲ್ಸಿಯಂ ಕಾರ್ಬೊನೇಟ್ (100) → ಕ್ಯಾಲ್ಸಿಯಂ ಆಕ್ಸೈಡ್ (56) + ಕಾರ್ಬನ್ ಡೈಆಕ್ಸೈಡ್ (44)

25 ಕೆ.ಜಿ. ಶುದ್ಧ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ 11 ಕೆ.ಜಿ. ಅನಿಲ ಹೊರಬರುತ್ತದೆ ಎಂಬ ಲೆಕ್ಕವನ್ನು ಮಕ್ಕಳೇ ಮಾಡಿದರು. ಕುಲುಮೆ ಕಾಯಿಸಲು ಉರಿಸುವ ಕಲ್ಲಿದ್ದಲಿನ ಹೊಗೆ ಇದರ ಮೇಲೆ ಬೇರೆ.

ಒಬ್ಬಳು ಕೇಳಿದಳು: “ಗೋಡಿಗೆ ಬಳದ ಸುಣ್ಣ ಆ ಅನಿಲ ವಾಪಸ್ ಎಳಕೊಂಡು ಗಟ್ಟಿ ಆಗ್ತದ ಅಂತ ಪುಸ್ತಕದಾಗ ಅದಲ್ರಿ. ಹಂಗಾದ್ರ ಲೆಕ್ಕ ಸರಿಹೋಯ್ತಲ್ರಿ?” ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ ಇದು. ಬಳಿದ ಸುಣ್ಣ ತನ್ನ ಪಾಲಿನದನ್ನು ಮರಳಿ ಪಡೆಯುವುದು ನಿಜ. ಆದರೆ ಕಲ್ಲಿದ್ದಲಿನ ಹೊಗೆಯನ್ನು ಅದು ಪಡೆಯುವುದಿಲ್ಲ. ಸಿಮೆಂಟ್ ಕಾಂಕ್ರೀಟ್ ಕೂಡ ಒಂದಷ್ಟನ್ನು ಹೀರುತ್ತದೆ, ಅದಕ್ಕೆ ದಶಕಗಳೇ ಬೇಕು. ಸಮುದ್ರದ ತಳದಲ್ಲಿ ಹೊಸ ಸುಣ್ಣದ ಕಲ್ಲಾಗಲು ಲಕ್ಷಾಂತರ ವರ್ಷ.

ಇಲ್ಲಿಂದ ಹುಡುಗನ ಪ್ರಶ್ನೆಗೆ ಬಂದೆ. ಭೂಮಿಯ ಕಕ್ಷೆ ಮತ್ತು ಅಕ್ಷದ ಓರೆ ನಿಧಾನವಾಗಿ ಬದಲಾಗುತ್ತವೆ. ಸುಮಾರು 23 ಸಾವಿರ, 41 ಸಾವಿರ ಮತ್ತು 1 ಲಕ್ಷ ವರ್ಷಗಳ ಈ ಚಕ್ರಗಳನ್ನು ಸರ್ಬಿಯಾದ ವಿಜ್ಞಾನಿ ಮಿಲಾಂಕೊವಿಚ್ ಲೆಕ್ಕ ಹಾಕಿದರು. ಹಿಮಯುಗಗಳು ಬಂದು ಹೋದದ್ದು ಇವುಗಳ ತಾಳಕ್ಕೆ. ಕಳೆದ ಹಿಮಯುಗ ಮುಗಿದು ಭೂಮಿ ಸುಮಾರು ಐದಾರು ಡಿಗ್ರಿ ಕಾಯಲು ಹತ್ತಿರ ಹತ್ತಿರ 10 ಸಾವಿರ ವರ್ಷ ಹಿಡಿಯಿತು. ಈಗ ಸುಮಾರು 150 ವರ್ಷಗಳಲ್ಲೇ 1 ಡಿಗ್ರಿಗಿಂತ ಹೆಚ್ಚು ಕಾದಿದೆ. ಅದೂ ಕಕ್ಷೆಯ ಚಕ್ರದ ಪ್ರಕಾರ ಭೂಮಿ ನಿಧಾನವಾಗಿ ತಣ್ಣಗಾಗಬೇಕಾದ ಕಾಲದಲ್ಲಿ.

ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ, ಕೈಗಾರಿಕಾ ಯುಗಕ್ಕೆ ಮುಂಚಿನ 8 ಲಕ್ಷ ವರ್ಷಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 300 ಭಾಗ ದಾಟಿರಲಿಲ್ಲ. 1958ರಲ್ಲಿ ಹವಾಯಿಯಲ್ಲಿ ನೇರವಾಗಿ ಅಳೆಯಲು ಶುರುಮಾಡಿದಾಗ ಅದು ಸುಮಾರು 315 ಇತ್ತು. ಈಗ 420 ಮೀರಿದೆ. ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಹೊರಬಿಡುವುದು ಮನುಷ್ಯರು ಬಿಡುವುದರ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ.

“ಅಂದ್ರ ಬಾವ್ಯಾಗ ಸೆಲಿ ಬರೂದಕಿಂತ ಜೋರ್ ಮೋಟಾರ್ ಎಳದಂಗ್ರಿ,” ಎಂದ ಅದೇ ಹುಡುಗ. ದಿಕ್ಕು ಉಲ್ಟಾ ಆದರೂ ಲೆಕ್ಕ ಅದೇ ಎಂದೆ. ಹೊಳೆಯ ಮಾತನ್ನೂ ತಿದ್ದಿಕೊಂಡೆ: ಕಾಗಿಣಾ ಮೊದಲೂ ತುಂಬುತ್ತಿತ್ತು. ಆದರೆ ಗಾಳಿ 1 ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಮಳೆ ಸುರಿದಾಗ ಇನ್ನೂ ಜೋರಾಗಿ ಸುರಿಯಬಹುದು. ತೊಗರಿ ಹೊಲದಲ್ಲಿ ನೀರು ನಿಂತರೆ ಏನಾಗುತ್ತದೆಂದು ಈ ಮಕ್ಕಳಿಗೆ ನಾನು ಹೇಳಬೇಕಾಗಿರಲಿಲ್ಲ.

ನಿರೀಕ್ಷಿಸದ ಪ್ರಶ್ನೆ

ಮುಗಿಸುವ ಹೊತ್ತಿಗೆ ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: “ನಮ್ಮಪ್ಪ ಸಿಮೆಂಟ್ ಫ್ಯಾಕ್ಟರಿಗೆ ಹೋಗ್ತಾನ್ರಿ. ಅದು ಬಂದ್ ಮಾಡಬೇಕೇನ್ರಿ?”

ನನ್ನ ತಂದೆಯೂ ಕಲ್ಲಿನ ಖಣಿಯಲ್ಲಿ ದುಡಿದವರು. ನನ್ನ ಬಿ.ಎಸ್ಸಿ. ಫೀಸು ಆ ಕಲ್ಲಿನಿಂದಲೇ ಬಂದದ್ದು. ಅದನ್ನು ಮಕ್ಕಳಿಗೆ ಹೇಳಿದೆ. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸಿಮೆಂಟ್‌ನ ಪಾಲು ಸುಮಾರು ಶೇ. 7ರಿಂದ 8. ಮನೆ, ಶಾಲೆ, ಸೇತುವೆಗೆ ಸಿಮೆಂಟ್ ಬೇಕೇ ಬೇಕು. ಆದರೆ ಸುಟ್ಟ ಕಲ್ಲಿನ ಪಾಲು ಕಡಿಮೆ ಮಾಡಿ ಹಾರುಬೂದಿ ಬೆರೆಸಬಹುದು. ಪಿಪಿಸಿ ಸಿಮೆಂಟ್‌ನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಇರಬಹುದು. ಇದನ್ನು ಇನ್ನೂ ಚೆನ್ನಾಗಿ ಮಾಡುವ ದಾರಿ ಹುಡುಕುವವರು ಬೇಕು, ಆ ರಸಾಯನಶಾಸ್ತ್ರ ಇದೇ ಪಾಠದಿಂದ ಶುರುವಾಗುತ್ತದೆ ಎಂದೆ. ಆಕೆಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಮೌಲ್ಯಮಾಪನ ಮತ್ತು ಮನೆಗೆಲಸ

1. 50 ಕೆ.ಜಿ. ಶುದ್ಧ ಸುಣ್ಣದ ಕಲ್ಲು ವಿಭಜನೆಗೊಂಡಾಗ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ?
2. ನೈಸರ್ಗಿಕ ಚಕ್ರಕ್ಕೂ ಈಗಿನ ಬದಲಾವಣೆಗೂ ಇರುವ ಒಂದು ವ್ಯತ್ಯಾಸ ಬರೆಯಿರಿ.
3. ಮನೆಯ ಹತ್ತಿರ ಸಿಗುವ ಸಿಮೆಂಟ್ ಚೀಲದ ಮೇಲೆ ಏನು ಬರೆದಿದೆ ಎಂದು ಓದಿ ಬನ್ನಿ.

ಆತ್ಮಾವಲೋಕನ

ಒಂದು ಅವಧಿಗೆ ವಿಷಯ ಹೆಚ್ಚಾಯಿತು. ಇನ್ನೊಮ್ಮೆ ಮಾಡುವುದಾದರೆ ಪ್ರಯೋಗವನ್ನೂ ಚಕ್ರಗಳನ್ನೂ ಎರಡು ಅವಧಿಗಳಿಗೆ ಹಂಚುತ್ತೇನೆ. ಪ್ರವಾಹ ತೋರಿಸಿ ಹೆದರಿಸಿದ ದಿನ ಮಕ್ಕಳು ನಕ್ಕಿದ್ದರು. ಕಾಲಡಿಯ ಕಲ್ಲು ತೋರಿಸಿದ ದಿನ ಲೆಕ್ಕ ಮಾಡಿದರು. ಮರುದಿನ ಆ ಹುಡುಗಿ ಸಿಮೆಂಟ್ ಚೀಲದ ತುಂಡೊಂದನ್ನು ಮಡಿಚಿಕೊಂಡು ತಂದು, “ಪಿಪಿಸಿ ಅಂತ ಅದರಿ ಸರ್” ಎಂದು ಮೇಜಿನ ಮೇಲಿಟ್ಟಳು.