ಟರ್ಬೋಚಾರ್ಜರು: ಗಾಳಿ, ಶಾಖ ಮತ್ತು ಒಂದು ಹಳೆಯ ಪೋರ್ಷೆ

ಜರ್ಮನಿಯ ಪೋರ್ಷೆ ಸಂಸ್ಥೆಯು 1982ರಿಂದ 1991ರವರೆಗೆ ‘944’ ಎಂಬ ಹೆಸರಿನ ಎರಡು ಬಾಗಿಲಿನ ವೇಗದ ಕಾರನ್ನು ತಯಾರಿಸಿ ಮಾರಿತು. ಅದರ ಮೊದಲ ಸಾದಾ ಮಾದರಿಯ ಎಂಜಿನಿಗೆ ನಾಲ್ಕು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸ 100 ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರ 78.9 ಮಿಲಿಮೀಟರು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿದರೆ ನಾಲ್ಕರ ಒಟ್ಟು ಗಾತ್ರವು 2479 ಘನ ಸೆಂಟಿಮೀಟರು, ಎಂದರೆ ಸುಮಾರು ಎರಡೂವರೆ ಲೀಟರು ಎಂಬುದು ತಿಳಿಯುವುದು. ಯೂರೋಪಿನಲ್ಲಿ ಮಾರಾಟವಾದ ಈ ಎಂಜಿನಿನ ಸಾಮರ್ಥ್ಯ 163 ಅಶ್ವಶಕ್ತಿ. 1985ರಲ್ಲಿ ಅದೇ ಸಂಸ್ಥೆಯು ‘944 ಟರ್ಬೊ’ ಎಂಬ ಮತ್ತೊಂದು ಮಾದರಿಯನ್ನು ಹೊರತಂದಿತು. ಸಿಲಿಂಡರುಗಳ ಸಂಖ್ಯೆ, ವ್ಯಾಸ, ಚಲನೆಯ ದೂರ ಇವು ಯಾವುವೂ ಬದಲಾಗಲಿಲ್ಲ. ಸಾಮರ್ಥ್ಯವು ಮಾತ್ರ 220 ಅಶ್ವಶಕ್ತಿಗೆ ಏರಿತು.

ಹೆಚ್ಚಾದ ಈ 57 ಅಶ್ವಶಕ್ತಿ ಎಲ್ಲಿಂದ ಬಂದಿತು? ಟರ್ಬೋಚಾರ್ಜರಿನಿಂದ ಎಂದು ಥಟ್ಟನೆ ಉತ್ತರ ಹೇಳಬಹುದು. ಹಾಗಾದರೆ ಸಾದಾ 944 ಕಾರನ್ನು ಇಟ್ಟುಕೊಂಡಿರುವವನೊಬ್ಬನು ಅಂಗಡಿಯಿಂದ ಒಂದು ಟರ್ಬೋಚಾರ್ಜರನ್ನು ಕೊಂಡುತಂದು ತನ್ನ ಎಂಜಿನಿಗೆ ಬಿಗಿದುಬಿಟ್ಟರೆ ಸಾಕಲ್ಲವೆ? ಸಾಲದು. ಹಾಗೆ ಮಾಡಿದವನ ಎಂಜಿನು ಕೆಲವು ನಿಮಿಷಗಳ ಕಾಲ ಅದ್ಭುತವಾಗಿ ಓಡಿ, ಆಮೇಲೆ ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದು ನಿಂತುಹೋಗುವ ಸಂಭವವೇ ಹೆಚ್ಚು. ಏಕೆಂಬುದನ್ನು ಇಂಟರ್‌ಮೀಡಿಯೆಟ್ ಮಟ್ಟದ ಭೌತಶಾಸ್ತ್ರದ ಎರಡು ಮೂರು ಸೂತ್ರಗಳಿಂದಲೇ ವಿವರಿಸಬಹುದು.

ಮೊದಲು ಸಾದಾ ಎಂಜಿನಿನ ಲೆಕ್ಕವನ್ನು ನೋಡೋಣ. ಅದು ತನ್ನ ಪೂರ್ಣ ಸಾಮರ್ಥ್ಯವನ್ನು ಕೊಡುವುದು ನಿಮಿಷಕ್ಕೆ 5800 ಸುತ್ತುಗಳ ವೇಗದಲ್ಲಿ. ನಾಲ್ಕು ಹಂತದ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಪ್ರತಿಯೊಂದು ಸಿಲಿಂಡರೂ ಗಾಳಿಯನ್ನು ಸೇದಿಕೊಳ್ಳುವುದರಿಂದ, ಅದು ನಿಮಿಷಕ್ಕೆ 2900 ಬಾರಿ ಎರಡೂವರೆ ಲೀಟರಿನಷ್ಟು, ಎಂದರೆ ಸೆಕೆಂಡಿಗೆ ಸುಮಾರು 120 ಲೀಟರು ಗಾಳಿಯನ್ನು ನುಂಗುತ್ತದೆ. ಒಂದು ಲೀಟರು ಗಾಳಿಯ ತೂಕ ಸುಮಾರು 1.2 ಗ್ರಾಂ. ಕವಾಟಗಳ ಕಿರಿದಾದ ದಾರಿಯಲ್ಲಿ ನುಸುಳಿ ಬರಬೇಕಾದ್ದರಿಂದ ಸಿಲಿಂಡರು ಪೂರ್ತಿ ತುಂಬದು; ನೂರಕ್ಕೆ ತೊಂಬತ್ತರಷ್ಟು ತುಂಬುವುದೆಂದು ಇಟ್ಟುಕೊಂಡರೆ ಸೆಕೆಂಡಿಗೆ 130 ಗ್ರಾಂ ಗಾಳಿಯಾಯಿತು. ಇಷ್ಟು ಗಾಳಿಯಲ್ಲಿ ಸುಡಬಹುದಾದ ಪೆಟ್ರೋಲು ಸುಮಾರು 10 ಗ್ರಾಂ. ಒಂದು ಗ್ರಾಂ ಪೆಟ್ರೋಲು ಉರಿದರೆ 44 ಕಿಲೋಜೌಲುಗಳಷ್ಟು ಶಾಖ ಹುಟ್ಟುತ್ತದೆ. ಹತ್ತು ಗ್ರಾಮಿಗೆ 440 ಕಿಲೋಜೌಲು. ಅದರಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ ಕೆಲಸವಾಗಿ ಪರಿಣಮಿಸುವುದೆಂದರೆ 120 ಕಿಲೋವಾಟು, ಎಂದರೆ 163 ಅಶ್ವಶಕ್ತಿ ಬರುತ್ತದೆ. ಕಾರ್ಖಾನೆಯವರು ಹೇಳಿದ ಸಂಖ್ಯೆಯೂ ಇದೇ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದು ಕಷ್ಟವಲ್ಲ. ಕಷ್ಟವಿರುವುದು ಗಾಳಿಯನ್ನು ಒಳಗೆ ತರುವುದರಲ್ಲಿ. ಅದೂ ಗಾಳಿಯ ಗಾತ್ರವಲ್ಲ, ತೂಕ ಮುಖ್ಯ. ಸಿಲಿಂಡರಿನ ಗಾತ್ರವನ್ನು ಬದಲಿಸದೆ ಅದರೊಳಗೆ ಹೆಚ್ಚು ತೂಕದ ಗಾಳಿಯನ್ನು ತುರುಕಬೇಕಾದರೆ, ಕಮ್ಮಾರನು ತಿದಿಯೊತ್ತಿ ಕುಲುಮೆಗೆ ಗಾಳಿಯೂದುವಂತೆ, ಗಾಳಿಯನ್ನು ಹೊರಗಿನಿಂದಲೇ ಒತ್ತಿ ಕಳುಹಿಸಬೇಕು.

ಆ ತಿದಿಯನ್ನು ಒತ್ತುವವರು ಯಾರು? ಎಂಜಿನಿನಿಂದ ಹೊರಬೀಳುವ ಸುಟ್ಟ ಅನಿಲವು ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ವ್ಯರ್ಥವಾಗಿ ಹೊತ್ತೊಯ್ಯುತ್ತದೆ. ಅದರ ದಾರಿಯಲ್ಲಿ ಒಂದು ಪುಟ್ಟ ಟರ್ಬೈನು ಚಕ್ರವನ್ನಿಟ್ಟು, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿಯನ್ನೊತ್ತುವ ಚಕ್ರವನ್ನು ಜೋಡಿಸಿದರೆ ಟರ್ಬೋಚಾರ್ಜರು ಸಿದ್ಧವಾಯಿತು. ಸ್ವಿಟ್ಸರ್ಲೆಂಡಿನ ಎಂಜಿನಿಯರು ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಇಂತಹ ಚಕ್ರಗಳು ತಿರುಗುವುದು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳಿಗೂ ಮೇಲ್ಪಟ್ಟ ವೇಗದಲ್ಲಿ. ಚಕ್ರದ ವ್ಯಾಸ 6 ಸೆಂಟಿಮೀಟರು, ವೇಗ ನಿಮಿಷಕ್ಕೆ 1,20,000 ಸುತ್ತು ಎಂದುಕೊಂಡರೆ ಅದರ ಅಂಚು ಸೆಕೆಂಡಿಗೆ 377 ಮೀಟರು ಚಲಿಸುತ್ತಿರುತ್ತದೆ. ಗಾಳಿಯಲ್ಲಿ ಶಬ್ದವೇ ಇಷ್ಟು ವೇಗವಾಗಿ ಹೋಗಲಾರದು.

944 ಟರ್ಬೊ ಕಾರಿನಲ್ಲಿ ಎಂಜಿನಿಗೆ ಹೋಗುವ ಗಾಳಿಯ ಒತ್ತಡವು ಗರಿಷ್ಠ ಸುಮಾರು 1.75 ಬಾರ್, ಹೊರಗಿನ ವಾತಾವರಣದ ಒತ್ತಡ ಸುಮಾರು 1 ಬಾರ್. ಒತ್ತಡ ಮುಕ್ಕಾಲು ಪಾಲು ಹೆಚ್ಚಿತೆಂದರೆ ಗಾಳಿಯ ತೂಕವೂ ಮುಕ್ಕಾಲು ಪಾಲು ಹೆಚ್ಚಿತಲ್ಲವೆ? ಇಲ್ಲ. ಸೈಕಲಿನ ಚಕ್ರಕ್ಕೆ ಗಾಳಿ ಹೊಡೆದವರೆಲ್ಲರೂ ಬಲ್ಲರು, ಪಂಪಿನ ತಳ ಕೈಸುಡುವಷ್ಟು ಬಿಸಿಯಾಗುವುದನ್ನು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಶಾಖವು ಹೊರಹೋಗದಂತೆ ಒತ್ತಿದಾಗ ನಿರಪೇಕ್ಷ ಉಷ್ಣತೆಯು ಒತ್ತಡದ ಪ್ರಮಾಣದ 0.286ನೆಯ ಘಾತಕ್ಕೆ ಅನುಗುಣವಾಗಿ ಏರುವುದೆಂಬ ಸೂತ್ರವನ್ನು ನೀವು ಓದಿರುವಿರಿ. 1.75ರ ಆ ಘಾತ 1.17. ಹೊರಗಿನ ಗಾಳಿ 300 ಕೆಲ್ವಿನ್ ಇದ್ದರೆ ಒತ್ತಿದ ಮೇಲೆ 352 ಆಗಬೇಕು. ಆದರೆ ಯಾವ ಪಂಪೂ ಆದರ್ಶ ಪಂಪಲ್ಲ. ಗಾಳಿಯನ್ನು ಕಡೆಯುವುದರಲ್ಲಿ ಕಳೆದುಹೋದ ಕೆಲಸವೂ ಶಾಖವೇ ಆಗುತ್ತದೆ. ದಕ್ಷತೆಯು ನೂರಕ್ಕೆ 70 ಎಂದಿಟ್ಟುಕೊಂಡರೆ ಏರಿಕೆ 52 ಡಿಗ್ರಿಯ ಬದಲು 74 ಡಿಗ್ರಿ. ಗಾಳಿಯ ಉಷ್ಣತೆ 374 ಕೆಲ್ವಿನ್. ಕುದಿಯುವ ನೀರಿನಷ್ಟು ಬಿಸಿ! ಸಾಂದ್ರತೆಯು ಹೆಚ್ಚಿದ್ದು 1.75 ಪಟ್ಟಲ್ಲ, 1.4 ಪಟ್ಟು ಮಾತ್ರ.

ಗಾಳಿಯ ತೂಕ ಕಡಮೆಯಾಯಿತೆಂಬುದು ಸಣ್ಣ ನಷ್ಟ. ದೊಡ್ಡ ಅಪಾಯವು ಬೇರೆಯೇ ಇದೆ.

ಸಾದಾ 944 ಎಂಜಿನಿನ ಸಂಕೋಚನ ಪ್ರಮಾಣ 10.6, ಎಂದರೆ ಪಿಸ್ಟನ್ನು ಮೇಲೇರಿದಾಗ ಸಿಲಿಂಡರಿನೊಳಗಿನ ಮಿಶ್ರಣವು 10.6ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಇಳಿಯುತ್ತದೆ. ಆಗಲೂ ಅದು ಕಾಯುತ್ತದೆ. ಗಾಳಿ ಪೆಟ್ರೋಲುಗಳ ಮಿಶ್ರಣಕ್ಕೆ ವಿಶಿಷ್ಟ ಶಾಖಗಳ ಪ್ರಮಾಣವನ್ನು 1.35 ಎಂದು ತೆಗೆದುಕೊಂಡರೆ ಉಷ್ಣತೆಯು 2.285 ಪಟ್ಟು ಹೆಚ್ಚುವುದು. 300 ಕೆಲ್ವಿನ್ನಿನ ಗಾಳಿ 686 ಕೆಲ್ವಿನ್ ಆಗುತ್ತದೆ. ಈ ಎಂಜಿನಿನ ಪಿಸ್ಟನ್ನು, ಕಿಡಿ ಹಾರಿಸುವ ವೇಳೆ, ಇಂಧನ ಇವೆಲ್ಲವನ್ನೂ ಆ 686 ಕೆಲ್ವಿನ್ನಿಗೆ ಹೊಂದಿಸಿಯೇ ತಯಾರಕರು ನಿಶ್ಚಯಿಸಿದ್ದಾರೆ. ಈಗ ಟರ್ಬೋಚಾರ್ಜರಿನಿಂದ ಬಂದ 374 ಕೆಲ್ವಿನ್ನಿನ ಗಾಳಿಯನ್ನು ಅದೇ ಸಿಲಿಂಡರಿಗೆ ತುಂಬಿ ನೋಡಿ. ಪಿಸ್ಟನ್ನು ಮೇಲೇರಿದಾಗ ಉಷ್ಣತೆ 855 ಕೆಲ್ವಿನ್. ಎಂದರೆ 580 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲು. ಒತ್ತಡವು 24 ಬಾರಿನಿಂದ 42 ಬಾರಿಗೆ ನೆಗೆಯುತ್ತದೆ. ಇನ್ನೂ ಕಿಡಿ ಹೊತ್ತಿಲ್ಲವೆಂಬುದನ್ನು ನೆನಪಿಡಿ.

ಕಿಡಿ ಹೊತ್ತಿದ ಮೇಲೆ ಜ್ವಾಲೆಯು ಪ್ಲಗ್ಗಿನ ಬಳಿಯಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹರಡಿಕೊಳ್ಳಬೇಕು. ಅದು ಹರಡುತ್ತ ಬಂದಂತೆ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದಿರುವ ಮಿಶ್ರಣವು ಮತ್ತಷ್ಟು ಒತ್ತಿಸಿಕೊಂಡು ಮತ್ತಷ್ಟು ಕಾಯುತ್ತದೆ. ಸಾದಾ ಎಂಜಿನಿನಲ್ಲಿ ಅದು ಸ್ವತಃ ಹೊತ್ತಿಕೊಳ್ಳುವ ಮೊದಲೇ ಜ್ವಾಲೆ ಅಲ್ಲಿಗೆ ತಲುಪಿಬಿಡುತ್ತದೆ. ನಮ್ಮ ಅವಸರದ ಎಂಜಿನಿನಲ್ಲಾದರೋ ಮೂಲೆಯ ಅನಿಲವು ಕಾಯುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಅಥವಾ ಬಡಿತವೆಂದು ಹೆಸರು. ಸಿಡಿತದ ಅಲೆಯು ಸಿಲಿಂಡರಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸೆಕೆಂಡಿಗೆ ಐದಾರು ಸಾವಿರ ಆವರ್ತಗಳಂತೆ ತೊನೆದಾಡುವುದರಿಂದ, ಹೊರಗಿನವರಿಗೆ ಲೋಹದ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಸದ್ದು ಕೇಳಿಸುತ್ತದೆ.

ಸದ್ದಿನಿಂದ ಪಿಸ್ಟನ್ನು ಕರಗುವುದು ಹೇಗೆ? ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ; ಜ್ವಾಲೆಯ ಉಷ್ಣತೆ 2000 ಡಿಗ್ರಿಗೂ ಹೆಚ್ಚು. ಇಂಥ ಬೆಂಕಿಯ ಕೆಳಗೆ ಪಿಸ್ಟನ್ನು ಪ್ರತಿದಿನವೂ ಬದುಕಿರುವುದೇ ಸೋಜಿಗವಲ್ಲವೆ! ಅದನ್ನು ಬದುಕಿಸಿರುವುದು, ಲೋಹವನ್ನು ಅಂಟಿಕೊಂಡು ನಿಂತಿರುವ ತೆಳುವಾದ, ತಂಪಾದ ಅನಿಲದ ಪದರ. ಬಡಿತದ ಅಲೆಗಳು ಈ ಹೊದಿಕೆಯನ್ನು ಕಿತ್ತೊಗೆಯುತ್ತವೆ. ಬೆತ್ತಲಾದ ಲೋಹಕ್ಕೆ ಬೆಂಕಿ ನೇರವಾಗಿ ತಾಗುತ್ತದೆ. ಲೋಹ ಕಾದಂತೆ ಮುಂದಿನ ಬಡಿತ ಇನ್ನೂ ಸುಲಭವಾಗಿ ಹುಟ್ಟುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತ ಹೋಗುವುದರಿಂದಲೇ ಅನಾಹುತವು ನಿಮಿಷಗಳಲ್ಲಿ ಮುಗಿದುಹೋಗುವುದು. (ಡೀಸೆಲ್ ಎಂಜಿನಿನಲ್ಲಿ ಒತ್ತುವುದು ಬರಿಯ ಗಾಳಿಯನ್ನು, ಇಂಧನವು ಆಮೇಲೆ ಬರುತ್ತದೆ. ಹೊತ್ತಿಕೊಳ್ಳಲು ಮೂಲೆಯಲ್ಲಿ ಏನೂ ಇರುವುದಿಲ್ಲ. ನಮ್ಮ ರಸ್ತೆಗಳ ಲಾರಿ ಬಸ್ಸುಗಳು ಟರ್ಬೋಚಾರ್ಜರನ್ನು ಇಷ್ಟು ಸಲೀಸಾಗಿ ಹೊತ್ತು ತಿರುಗುವುದಕ್ಕೆ ಇದೊಂದು ಕಾರಣ.)

ಪೋರ್ಷೆಯ ಎಂಜಿನಿಯರುಗಳು ಇದಕ್ಕೆ ಎರಡು ಕಡೆಯಿಂದ ಪರಿಹಾರ ಹುಡುಕಿದರು. ಒತ್ತಿದ ಗಾಳಿಯನ್ನು ಎಂಜಿನಿಗೆ ಕಳುಹಿಸುವ ಮುನ್ನ ಕಾರಿನ ಮುಂಭಾಗದಲ್ಲಿ ಎದುರುಗಾಳಿಗೆ ಒಡ್ಡಿದ ಇಂಟರ್‌ಕೂಲರಿನ ಮೂಲಕ ಹಾಯಿಸಿದರು. ಇದು ನೀರಿನ ರೇಡಿಯೇಟರಿನಂಥದೇ. ಒಳಗೆ ನೀರಿನ ಬದಲು ಗಾಳಿ ಹರಿಯುತ್ತದೆ. ಅಲ್ಲಿ ಉಷ್ಣತೆಯು 374ರಿಂದ 330 ಕೆಲ್ವಿನ್ನಿಗೆ ಇಳಿಯಿತೆನ್ನೋಣ. ಮತ್ತೊಂದು ಕಡೆ ಪಿಸ್ಟನ್ನುಗಳನ್ನೇ ಬದಲಿಸಿ ಸಂಕೋಚನ ಪ್ರಮಾಣವನ್ನು 10.6ರಿಂದ 8ಕ್ಕೆ ಇಳಿಸಿದರು. ಈಗ ಉಷ್ಣತೆ ಹೆಚ್ಚುವುದು 2.07 ಪಟ್ಟು ಮಾತ್ರ. 330ನ್ನು 2.07ರಿಂದ ಗುಣಿಸಿರಿ: 683 ಕೆಲ್ವಿನ್. ಸಾದಾ ಎಂಜಿನಿನ 686ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನಬಹುದು! ನಾನು ಊಹಿಸಿಕೊಂಡ 330ರ ಸ್ಥಾನದಲ್ಲಿ ಐದು ಹತ್ತು ಡಿಗ್ರಿ ಹೆಚ್ಚು ಕಡಮೆ ಇದ್ದೀತು; ಆದರೆ 8 ಎಂಬ ಸಂಖ್ಯೆಯು ಆಕಸ್ಮಿಕವಾಗಿ ಬಂದದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಾಳಿಯ ಸಾಂದ್ರತೆಯು ಈಗ 1.59 ಪಟ್ಟು ಹೆಚ್ಚಿದೆ.

163ನ್ನು 1.59ರಿಂದ ಗುಣಿಸಿದರೆ 259 ಅಶ್ವಶಕ್ತಿಯಾಗಬೇಕು. 220 ಮಾತ್ರ ಏಕೆ? ಸಂಕೋಚನವನ್ನು ಇಳಿಸಿದ್ದಕ್ಕೆ ದಂಡ ತೆರಬೇಕು. ಆಟೊ ಚಕ್ರದ ಸೂತ್ರದಂತೆ ಆದರ್ಶ ದಕ್ಷತೆಯು ನೂರಕ್ಕೆ 56ರಿಂದ 52ಕ್ಕೆ ಕುಸಿಯುತ್ತದೆ. ಅಲ್ಲಿಗೆ 259 ಇದ್ದದ್ದು 240ರ ಆಸುಪಾಸಿಗೆ ಬಂದಿತು. ಇನ್ನು ಟರ್ಬೈನು ದಾರಿಗಡ್ಡವಾಗಿರುವುದರಿಂದ ಸುಟ್ಟ ಅನಿಲವನ್ನು ಹೊರನೂಕಲು ಪಿಸ್ಟನ್ನು ಹೆಚ್ಚು ಶ್ರಮಿಸಬೇಕು. ಸೆಕೆಂಡಿಗೆ 207 ಗ್ರಾಂ ಗಾಳಿಯನ್ನು 74 ಡಿಗ್ರಿ ಕಾಯಿಸುವಷ್ಟು ಕೆಲಸ, ಎಂದರೆ ಸುಮಾರು 15 ಕಿಲೋವಾಟು, ಆ ಪುಟ್ಟ ಅಚ್ಚಿನ ಮೂಲಕ ಹಾದುಹೋಗುತ್ತಿದೆ. ಟರ್ಬೋಚಾರ್ಜರು ಪುಕ್ಕಟೆಯಾಗಿ ಶಕ್ತಿಯನ್ನು ಕೊಡುತ್ತದೆಂದು ಜಾಹೀರಾತುಗಳಲ್ಲಿ ಕಾಣುವ ಮಾತು ಅರ್ಧ ಸತ್ಯ.

ಸಂಕೋಚನವನ್ನು ಇಳಿಸದೆ ಪಾರಾಗಲು ಯತ್ನಿಸಿದವರೂ ಉಂಟು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಸಂಸ್ಥೆಯು ‘ಜೆಟ್‌ಫೈರ್’ ಎಂಬ ಕಾರಿನ ಎಂಜಿನಿಗೆ 10.25ರ ಸಂಕೋಚನ ಪ್ರಮಾಣವನ್ನು ಉಳಿಸಿಕೊಂಡೇ ಟರ್ಬೋಚಾರ್ಜರನ್ನು ಜೋಡಿಸಿತು. ಬಡಿತವನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಗಾಳಿಯೊಡನೆ ಚಿಮ್ಮಿಸುವ ವ್ಯವಸ್ಥೆ ಅದರಲ್ಲಿತ್ತು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಯಾವ ಕಾರಣದಿಂದಲೋ ಅದೇ ಕಾರಣದಿಂದ ಮಿಶ್ರಣವು ತಣ್ಣಗಾಗುತ್ತಿತ್ತು. ಉಪಾಯ ಚೆನ್ನಾಗಿತ್ತು, ಆದರೆ ಕಾರಿನ ಒಡೆಯನು ಆ ದ್ರವವನ್ನು ಆಗಾಗ ತುಂಬಿಸಬೇಕಾಗಿತ್ತು. 1963ರ ನಂತರ ಆ ಕಾರು ಬರಲಿಲ್ಲ. ಜರ್ಮನರು ಎಚ್ಚರದ ದಾರಿ ಹಿಡಿದರು. 1973ರ ಬಿಎಂಡಬ್ಲ್ಯು 2002 ಟರ್ಬೊ ಕಾರಿನ ಸಂಕೋಚನ ಪ್ರಮಾಣ 6.9, 1974ರ ಪೋರ್ಷೆ 911 ಟರ್ಬೊ ಕಾರಿನದು 6.5. ಎರಡರಲ್ಲಿಯೂ ಇಂಟರ್‌ಕೂಲರು ಇರಲಿಲ್ಲ. ಸುರಕ್ಷಿತವೇನೋ ಹೌದು, ಆದರೆ ಟರ್ಬೈನು ವೇಗ ಹಿಡಿಯುವವರೆಗೆ ಅಂಥ ಎಂಜಿನು ಮಂಕಾಗಿರುತ್ತದೆ.

ಹಾಗಾದರೆ 944 ಟರ್ಬೊ 8ರವರೆಗೆ ಏರುವ ಧೈರ್ಯ ಮಾಡಿದ್ದು ಹೇಗೆ? ಇಂಟರ್‌ಕೂಲರಿನ ಜೊತೆಗೆ ಅದಕ್ಕೊಂದು ಕಿವಿಯನ್ನೂ ಕೊಟ್ಟಿದ್ದರು. ಒತ್ತಿದರೆ ವಿದ್ಯುತ್ತನ್ನು ತೋರುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರಷ್ಟೆ. ಅದೇ ಗುಣದ ತುಣುಕೊಂದನ್ನು ಎಂಜಿನಿನ ಮೈಗೆ ಬಿಗಿದರೆ ಬಡಿತದ ಕಂಪನವು ಅದರಲ್ಲಿ ವಿದ್ಯುತ್ ಸಂಕೇತವಾಗುತ್ತದೆ. ಸಂಕೇತ ಬಂದೊಡನೆ ನಿಯಂತ್ರಕವು ಕಿಡಿಯನ್ನು ತುಸು ತಡಮಾಡಿಸುತ್ತದೆ. ಬಡಿತ ನಿಲ್ಲದಿದ್ದರೆ ಗಾಳಿಯ ಒತ್ತಡವನ್ನೂ ಇಳಿಸುತ್ತದೆ. ಚಾಲಕನ ಕಿವಿಗೆ ಕೇಳುವ ಮೊದಲೇ ಇದೆಲ್ಲ ಮುಗಿದಿರುತ್ತದೆ.

ಹಳೆಯ ಸಾದಾ 944ಕ್ಕೆ ಟರ್ಬೋಚಾರ್ಜರನ್ನು ಜೋಡಿಸಹೊರಟವನು ಇವೆಲ್ಲವನ್ನೂ ತಾನೇ ಒದಗಿಸಬೇಕು. ಪಿಸ್ಟನ್ನುಗಳು ಸಂಕೋಚನವನ್ನು ತಗ್ಗಿಸುವಂಥವೂ ಗಟ್ಟಿಯಾದವೂ ಆಗಿರಬೇಕು. ಗಾಳಿ 1.59 ಪಟ್ಟಾದರೆ ಪೆಟ್ರೋಲೂ ಅಷ್ಟೇ ಹೆಚ್ಚಬೇಕು. ಸಾದಾ ಕಾರಿನಲ್ಲಿ ಗಾಳಿಯನ್ನು ಅಳೆಯುವುದು, ಅದರ ರಭಸಕ್ಕೆ ಬಾಗಿಲಿನಂತೆ ತೆರೆದುಕೊಳ್ಳುವ ಒಂದು ರೆಕ್ಕೆ. ಬಾಗಿಲು ಪೂರ್ತಿ ತೆರೆದ ಮೇಲೆ ಬರುವ ಗಾಳಿ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲೂ ಬೀಳುವುದಿಲ್ಲ. ಪೂರ್ಣ ಹೊರೆಯಲ್ಲಿ ಪೆಟ್ರೋಲು ಕಡಮೆಯಾದ ಮಿಶ್ರಣ ಇನ್ನೂ ಬಿಸಿಯಾಗಿ ಉರಿದು, ನಾವು ತಪ್ಪಿಸಬೇಕೆಂದಿದ್ದ ಬಡಿತವನ್ನೇ ತರುತ್ತದೆ. ಪಿಸ್ಟನ್ನು ಬದಲಿಸಲೊಲ್ಲದವರು 0.3 ಬಾರಿನಷ್ಟು ಸಣ್ಣ ಒತ್ತಡಕ್ಕೆ ತೃಪ್ತಿಪಡುವುದುಂಟು. ಅವರ ಎಂಜಿನಿನಲ್ಲಿ ಕಿಡಿಗೆ ಮುಂಚಿನ ಉಷ್ಣತೆ ಎಷ್ಟಾದೀತೆಂಬುದನ್ನು ಮೇಲಿನ ಸೂತ್ರಗಳಿಂದ ವಾಚಕರೇ ಕಂಡುಕೊಳ್ಳಬಹುದು.

ಶಾಖದ ಕಾಟ ಎಂಜಿನು ನಿಂತ ಮೇಲೂ ತಪ್ಪದು. ದೂರ ಓಡಿ ಬಂದ ಕಾರನ್ನು ಥಟ್ಟನೆ ನಿಲ್ಲಿಸಿದರೆ ಟರ್ಬೈನಿಗೆ ಎಣ್ಣೆಯ ಹರಿವು ನಿಂತುಹೋಗುತ್ತದೆ, ಆದರೆ ಕೆಂಪಗೆ ಕಾದ ಚಕ್ರದ ಶಾಖವು ಅಚ್ಚಿನುದ್ದಕ್ಕೂ ಹರಿದು, ಬೇರಿಂಗಿನಲ್ಲಿ ಉಳಿದ ಎಣ್ಣೆಯನ್ನು ಇದ್ದಲಾಗಿ ಸುಡುತ್ತದೆ. ಆದಕಾರಣ 944 ಟರ್ಬೊ ಕಾರಿನಲ್ಲಿ ಬೇರಿಂಗಿನ ಸುತ್ತ ನೀರು ಹರಿಯುವಂತೆ ಮಾಡಿ, ಅದಕ್ಕೊಂದು ಪ್ರತ್ಯೇಕ ವಿದ್ಯುತ್ ಪಂಪನ್ನು ಇಟ್ಟಿದ್ದಾರೆ. ಚಾಲಕನು ಬೀಗದ ಕೈಯನ್ನು ತೆಗೆದುಕೊಂಡು ಇಳಿದುಹೋದ ಮೇಲೂ ಆ ಪಂಪು ಸ್ವಲ್ಪ ಹೊತ್ತು ಗುಂಯ್‌ಗುಡುತ್ತ ಕೆಲಸಮಾಡುತ್ತಿರುತ್ತದೆ.